ಎಡಕ್ಕೆ ತಿರುಗಬೇಡಿ

ಮಧ್ಯಾಹ್ನದೊಳಗೆ ಎಲ್ಲರೂ ತಂತಮ್ಮ ಹೊಸ ಪದನಾಮವನ್ನು ಆರಿಸಿ ಕಳಿಸಬೇಕೆಂದು ಮುಖ್ಯಸ್ಥೆ ಹೇಳುತ್ತಿದ್ದಾಗ ಅವನು ಅವಳ ಮುಖ ನೋಡದೆ, ಅವಳ ಬೆನ್ನ ಹಿಂದಿನ ಗಾಜಿನ ಗೋಡೆಗೆ ಅಂಟಿಸಿದ್ದ ಬಣ್ಣದ ಚೀಟಿಗಳನ್ನು ನೋಡುತ್ತ ಕೂತಿದ್ದ. ಹಳದಿ ಚೀಟಿಯಲ್ಲಿ ‘ಪ್ರಿನ್ಸಿಪಲ್ ಎಕ್ಸ್‌ಪೀರಿಯನ್ಸ್ ಆರ್ಕಿಟೆಕ್ಟ್’ ಎಂದಿತ್ತು. ಗುಲಾಬಿ ಬಣ್ಣದ್ದರಲ್ಲಿ ‘ಸ್ಟೋರಿ ಲೀಡ್’. ಅಂಟು ಸಾಲದೆ ಒಂದು ಮೂಲೆ ಮಡಚಿಕೊಂಡು ನೇತಾಡುತ್ತಿದ್ದ ಹಸಿರು ಚೀಟಿಯಲ್ಲಿ ‘ಮಾನವಕೇಂದ್ರಿತ ಚಿಂತಕ’. ಮನುಷ್ಯನನ್ನು ಬಿಟ್ಟು ಇವರು ಇಷ್ಟು ದಿನ ಯಾರನ್ನು ನಡುವೆ ಕೂರಿಸಿಕೊಂಡು ಚಿಂತಿಸುತ್ತಿದ್ದರು, ಕುದುರೆಯನ್ನೇ, ಎಂದುಕೊಂಡ. “ನಾವು ಏನು ಮಾಡ್ತೀವಿ ಅನ್ನೋದು ಮುಖ್ಯ ಅಲ್ಲ, ನಾವು ಯಾರು ಅನ್ನೋದು ಮುಖ್ಯ,” ಎಂದಳು ಮುಖ್ಯಸ್ಥೆ. ಅವಳ ಪಕ್ಕದಲ್ಲಿ ಕೂತವನು, ಆಫೀಸಿನವರೆಲ್ಲ ಬೆನ್ನ ಹಿಂದೆ ‘ಹೌದಪ್ಪ’ ಎಂದು ಕರೆಯುತ್ತಿದ್ದವನು, ವಾಕ್ಯ ಮುಗಿಯುವ ಮುಂಚೆಯೇ ತಲೆಯಾಡಿಸಲು ಶುರುಮಾಡಿ, ಮುಗಿದ ಮೇಲೂ ಸ್ವಲ್ಪ ಹೊತ್ತು ಆಡಿಸಿದ. ಏನು ಮಾಡ್ತೀವಿ ಅನ್ನುವುದು ಹೌದಪ್ಪನಿಗೆ ಯಾವತ್ತೂ ಮುಖ್ಯವಾಗಿರಲಿಲ್ಲ. ಅವನು ಏನಾದರೂ ಮಾಡಿದ್ದನ್ನು ಕಂಡವರು ಈ ಕಟ್ಟಡದಲ್ಲಿ ಯಾರೂ ಇರಲಿಲ್ಲ.

ಇಪ್ಪತ್ತನಾಲ್ಕು ವರ್ಷದಿಂದ ಅವನು ಇದೇ ಮೇಜಿಗೆ ಬರುತ್ತಿದ್ದ. ಮೊದಲು ಬಂದಾಗ ಅವನು ಆರ್ಟಿಸ್ಟ್. ಕಂಪ್ಯೂಟರ್ ಬಂದ ಮೇಲೆ ಗ್ರಾಫಿಕ್ ಡಿಸೈನರ್ ಆದ. ಆಮೇಲೆ ಒಂದು ಬೇಸಗೆಯಲ್ಲಿ ಎಲ್ಲರೂ ವಿಷುವಲ್ ಕಮ್ಯುನಿಕೇಟರ್‌ಗಳಾದರು. ಅದು ಸವೆದ ಮೇಲೆ ಎಕ್ಸ್‌ಪೀರಿಯನ್ಸ್ ಡಿಸೈನರ್‌ಗಳಾದರು. ಅಳಿಯ ಅಲ್ಲ ಮಗಳ ಗಂಡ ಅಂದ ಹಾಗೆ. ಪ್ರತಿ ಸಲವೂ ಬಾಗಿಲ ಫಲಕ ಬದಲಾಯಿತು, ಕಾರ್ಡು ಬದಲಾಯಿತು. ಕುರ್ಚಿ ಮಾತ್ರ ಬದಲಾಗಲಿಲ್ಲ, ಅದರ ಎಡಗೈ ಹಿಡಿಕೆಯಿಂದ ಹಳದಿ ಸ್ಪಂಜು ಹೊರಗೆ ಇಣುಕುತ್ತಿತ್ತು. ಅವನ ಷಡ್ಡಕ ಹಲ್ಲಿನ ಡಾಕ್ಟರು. ನೆಂಟರ ಮನೆಯಲ್ಲಿ ಯಾರಾದರೂ ಷಡ್ಡಕನನ್ನು ಏನು ಕೆಲಸ ಎಂದು ಕೇಳಿದರೆ ಅವನು ಒಂದೇ ಮಾತು ಹೇಳುತ್ತಿದ್ದ, ಕೇಳಿದವರು ಅಲ್ಲೇ ನಿಂತು ಬಾಯಿ ತೆರೆದು ತೋರಿಸುತ್ತಿದ್ದರು. ಅದೇ ಪ್ರಶ್ನೆ ತನ್ನ ಕಡೆ ತಿರುಗಿದಾಗ ಇವನು ಎರಡು ನಿಮಿಷ ವಿವರಿಸಬೇಕಾಗುತ್ತಿತ್ತು, ಮುಗಿಯುವ ಹೊತ್ತಿಗೆ ಅತ್ತೆ ಅಡುಗೆಮನೆಯಿಂದ, “ಕಂಪ್ಯೂಟರಲ್ಲಿ ಏನೋ ಮಾಡ್ತಾರಪ್ಪ, ಚೆನ್ನಾಗೇ ಮಾಡ್ತಾರೆ,” ಎಂದು ಕೂಗಿ ಮಾತು ಮುಗಿಸುತ್ತಿದ್ದಳು. ಹೆಂಡತಿ ನಗುತ್ತಿದ್ದಳು. ಹೆಂಡತಿ ನಗುವಾಗ ತುಟಿ ಒಂದು ಬದಿಗೆ ಹೋಗುತ್ತಿತ್ತು. ಮದುವೆಯಾದ ಹೊಸದರಲ್ಲಿ ಅದು ಅವನಿಗೆ ಇಷ್ಟವಾಗಿತ್ತು.

ಚೀಟಿಗಳು ಒಂದೊಂದಾಗಿ ಖಾಲಿಯಾದವು. ಕೊನೆಯಲ್ಲಿ ಮುಖ್ಯಸ್ಥೆ ಮೂಲೆಯಲ್ಲಿ ಕೂತಿದ್ದ, ಚಿತ್ರ ಅಕ್ಷರಗಳನ್ನು ಪುಟಕ್ಕೆ ಜೋಡಿಸುವ ಲೇಔಟ್ ಹುಡುಗಿಯ ಕಡೆ ತಿರುಗಿ, “ನಿಮಗೆ?” ಎಂದಳು. ಲೇಔಟ್ ಹುಡುಗಿಗೆ ನಲವತ್ತು ತುಂಬಿತ್ತು. ಇಪ್ಪತ್ತೆರಡಕ್ಕೆ ಬಂದಾಗ ಅಂಟಿದ ಹೆಸರು, ಕಿವಿಯ ಮೇಲಿನ ಕೂದಲು ಬೆಳ್ಳಗಾದರೂ ಬಿಟ್ಟಿರಲಿಲ್ಲ. “ನನಗೆ ಯಾವುದಾದ್ರೂ ಆಗುತ್ತೆ ಮೇಡಂ. ಉಳಿದದ್ದು ಕೊಡಿ,” ಎಂದಳು ಅವಳು. ಎಲ್ಲರೂ ನಕ್ಕರು. ಅವನಿಗೆ ಆ ವಿನಯ ಕಂಡರೆ ಮೈ ಉರಿಯುತ್ತಿತ್ತು. ತಟ್ಟೆಯಲ್ಲಿ ಉಳಿದದ್ದನ್ನು ಕೇಳುವ ಹಾಗೆ ಕೇಳುತ್ತಾಳಲ್ಲ ಎಂದುಕೊಂಡ. ಎಂದುಕೊಂಡದ್ದೇ ತಡ, ಮೂರು ವರ್ಷದ ಹಿಂದಿನ ಒಂದು ಮಧ್ಯಾಹ್ನ ಒಳಗೆ ಬಂದು ಕೂತಿತು. ಆಸ್ಪತ್ರೆಯ ದಾರಿಫಲಕಗಳ ಕೆಲಸ. ಫಲಕಗಳ ಮೇಲೆ ಒಂದು ಅಕ್ಷರವೂ ಬೇಡ, ಬರೀ ಬಣ್ಣ, ಬರೀ ಆಕಾರ, ಯಾವ ದೇಶದವನು ಬಂದರೂ ತಿಳಿಯಬೇಕು ಎಂದು ಅವನು ಹಟ ಹಿಡಿದಿದ್ದ; ಆ ಯೋಜನೆಗೆ ‘ಭಾಷೆಯಿಲ್ಲದ ದಾರಿ’ ಎಂದು ಹೆಸರಿಟ್ಟವನೂ ಅವನೇ. ಆಪರೇಷನ್ ಕೋಣೆಗೆ ಹಸಿರು ಕಮಾನಿನ ಒಳಗೊಂದು ಬಿಳಿ ಚುಕ್ಕೆ. ಲೇಔಟ್ ಹುಡುಗಿ ಎದ್ದು ನಿಂತು, “ಸರ್, ನಮ್ಮಮ್ಮನಿಗೆ ತೋರಿಸ್ದೆ. ಇದೇನು ಚಂದ್ರನಾ ಅಂದ್ರು. ಪಕ್ಕದಲ್ಲಿ ಒಂದು ಪದ ಬರೆದ್ರೆ...” ಎಂದಿದ್ದಳು. ಅವನು, ಹನ್ನೊಂದು ಜನರ ಎದುರಿಗೆ, “ನೀನು ಲೇಔಟ್ ಮಾಡಮ್ಮ. ಯೋಚನೆ ಮಾಡೋಕೆ ಡಿಸೈನರ್‌ಗಳಿದ್ದಾರೆ,” ಎಂದಿದ್ದ. ಅವತ್ತೂ ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು. ಅವಳು ನಗದೇ ಇದ್ದಿದ್ದರೆ ಮರೆತುಬಿಡಬಹುದಾಗಿತ್ತು.

ಅದೇ ಆಸ್ಪತ್ರೆಯ ಕೆಲಸವನ್ನು ಈಗ ಒಂದು ದೊಡ್ಡ ಬಹುಮಾನಕ್ಕೆ ಕಳಿಸುವುದಿತ್ತು. “ಫೋಟೋ ಬೇಕು. ಬರೀ ಬೋರ್ಡಲ್ಲ, ಜನ ಬಳಸ್ತಿರೋ ಹಾಗಿರಬೇಕು,” ಎಂದಳು ಮುಖ್ಯಸ್ಥೆ ಅವನಿಗೆ. “ಹಾಗೇ ಪದನಾಮಾನೂ ಕಳಿಸಿಬಿಡಿ. ನಿಮ್ಮದೊಂದೇ ಬಾಕಿ.” ಅವಳಿಗೆ ಇವನ ಮಗಳಿಗಿಂತ ಆರೇಳು ವರ್ಷ ಹೆಚ್ಚಿರಬಹುದು ಅಷ್ಟೆ. ಅವನು ಕ್ಯಾಮೆರಾ ಚೀಲ ಹೆಗಲಿಗೆ ಹಾಕಿಕೊಂಡು ಹೊರಟ.

ಮೂರು ವರ್ಷದಲ್ಲಿ ಅವನು ಆ ಆಸ್ಪತ್ರೆಗೆ ಒಮ್ಮೆಯೂ ಹೋಗಿರಲಿಲ್ಲ. ಉದ್ಘಾಟನೆಯ ದಿನ ಖಾಲಿ ಓಣಿಗಳಲ್ಲಿ, ಒರೆಸಿದ ನೆಲದ ಮೇಲೆ ತನ್ನ ಬಣ್ಣಗಳು ಪ್ರತಿಫಲಿಸುವುದನ್ನು ನೋಡುತ್ತ ನಡೆದಿದ್ದ. ಈಗ ಅಲ್ಲಿ ಜನ ಇದ್ದರು. ಒದ್ದೆ ಕೂದಲಿನವರು, ಎಕ್ಸ್‌ರೇ ಲಕೋಟೆಯನ್ನು ಎದೆಗವಚಿಕೊಂಡವರು, ಕೂತಲ್ಲೇ ತೂಕಡಿಸುವವರು, ಮಗುವನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಾಯಿಸುತ್ತ ಓಡಾಡುವವರು. ಯಾರೂ ಫಲಕಗಳ ಕಡೆ ನೋಡುತ್ತಿರಲಿಲ್ಲ. ಎಲ್ಲರೂ ಗೋಡೆಯ ಮೇಲಿನ ಕಾಗದಗಳನ್ನು ಓದುತ್ತಿದ್ದರು. ಅವನಿಗೆ ಅದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಹಳೆಯ ಕ್ಯಾಲೆಂಡರಿನ ಹಿಂಬದಿ, ಔಷಧಿ ಡಬ್ಬದ ರಟ್ಟು, ಲೆಕ್ಕದ ಪುಸ್ತಕದಿಂದ ಹರಿದ ಹಾಳೆ. ಅವುಗಳ ಮೇಲೆ ನೀಲಿ ಪೆನ್ನಿನಲ್ಲಿ ಒಂದೊಂದು ಗೆರೆಯನ್ನೂ ನಾಲ್ಕೈದು ಸಲ ತಿದ್ದಿ ದಪ್ಪ ಮಾಡಿದ ಅಕ್ಷರಗಳು. ‘ರಕ್ತ ಕೊಡೋರು ಇಲ್ಲಿ.’ ‘ಇದು ಕಕ್ಕಸು ಅಲ್ಲ.’ ಪ್ರತಿಯೊಂದನ್ನೂ ಅವನ ಫಲಕದ ಮೇಲೋ ಪಕ್ಕದಲ್ಲೋ ಟೇಪಿನಿಂದ ಅಂಟಿಸಿತ್ತು. ಮೊದಲನೆಯ ಮಹಡಿಯಲ್ಲಿ ಓಣಿ ಎರಡಾಗಿ ಸೀಳುವಲ್ಲಿ, ಅವನಿಗೆ ಎಲ್ಲಕ್ಕಿಂತ ಪ್ರಿಯವಾಗಿದ್ದ ಹಸಿರು ಕಮಾನಿನ ಹೊಟ್ಟೆಯ ಮೇಲೆಯೇ ಒಂದು ರಟ್ಟು: ‘ಆಪರೇಷನ್‌ಗೆ ಹೋಗೋರು ಬಲಕ್ಕೆ. ಎಡಕ್ಕೆ ತಿರುಗಬೇಡಿ. ಎಡಕ್ಕೆ ಬಟ್ಟೆ ಒಗೆಯೋ ಜಾಗ.’

ಅಕ್ಷರದ ತಲೆಕಟ್ಟುಗಳು ಒಂದೊಂದು ಒಂದೊಂದು ಕಡೆ ಹಾರುತ್ತಿದ್ದವು. ‘ಬೇಡಿ’ಗೆ ಜಾಗ ಸಾಲದೆ ‘ಡಿ’ ಕೆಳಗೆ ಇಳಿದಿತ್ತು. ಈ ಓಣಿಯ ಬೆಳಕಿನ ಲೆಕ್ಕ ಹಾಕಲು ಅವನು ಏಳು ದಿನ ತೆಗೆದುಕೊಂಡಿದ್ದ. ಯಾವಳೋ ಯಾವನೋ ಏಳು ನಿಮಿಷದಲ್ಲಿ ಗೀಚಿ ಅಂಟಿಸಿ ಹೋಗಿದ್ದರು. ಜನರೇ ಹಾಗೆ, ಅವರಿಗೆ ಕಣ್ಣು ಕೊಟ್ಟರೆ ಕೋಲು ಕೇಳುತ್ತಾರೆ ಎಂದುಕೊಳ್ಳುತ್ತ ಅವನು ರಟ್ಟಿನ ತುದಿಗೆ ಉಗುರು ಹಾಕಿ ಎಳೆದ. ಅದು ಚರ್ರೆಂದು ಕಿತ್ತು ಬಂತು. ಉಳಿದ ಟೇಪಿನ ಕಲೆಯನ್ನು ಕರವಸ್ತ್ರದಿಂದ ಉಜ್ಜಿದ. ಆ ಸಾಲಿನ ಇನ್ನೂ ನಾಲ್ಕನ್ನು ಕಿತ್ತು ಕಸದ ಡಬ್ಬಕ್ಕೆ ಹಾಕಿ, ಹಿಂದೆ ಹಿಂದೆ ನಡೆದು, ಒಂದು ಮಂಡಿಯೂರಿ ಕ್ಯಾಮೆರಾ ಕಣ್ಣಿಗಿಟ್ಟ. ಕಮಾನು ಮತ್ತೆ ಕಮಾನಾಗಿತ್ತು. ಆಗ ಚೌಕಟ್ಟಿನೊಳಗೆ ಒಬ್ಬ ಮುದುಕ ಬಂದ. ಬಿಳಿ ಅಂಗಿ, ಕೈಯಲ್ಲಿ ಕಂದು ಬಣ್ಣದ ಚೀಲ. ಫಲಕದ ಎದುರಿಗೇ ನಿಂತು ಕತ್ತೆತ್ತಿ ನೋಡಿದ, ಹಸಿರು ಕಮಾನನ್ನು ನೋಡಿದ, ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಆಮೇಲೆ ಇವನನ್ನು ನೋಡಿದ. ಇವನು ಕ್ಯಾಮೆರಾದಿಂದ ಕಣ್ಣು ತೆಗೆಯದೆ, ನೊಣ ಓಡಿಸುವ ಹಾಗೆ ಎಡಗೈ ಬೀಸಿದ. ಮುದುಕನ ಮುಖ ಅರಳಿತು. “ಉಪಕಾರವಾಯ್ತು ಸ್ವಾಮಿ,” ಎಂದು ತಲೆ ಬಾಗಿಸಿ, ಕೈ ಬೀಸಿದ ಕಡೆಗೆ, ಎಡಕ್ಕೆ, ಬಿರಬಿರನೆ ನಡೆದ. ಇವನು ಗುಂಡಿ ಒತ್ತಿದ.

ಚಿತ್ರ ಚೆನ್ನಾಗಿ ಬಂದಿತ್ತು. ಹಿಂದೆ ತನ್ನ ಕಮಾನು, ಮುಂದೆ ಎಲ್ಲಿಗೆ ಹೋಗಬೇಕೆಂದು ಖಚಿತವಾಗಿ ತಿಳಿದವನ ಹಾಗೆ ಒಂದು ಕಾಲು ಗಾಳಿಯಲ್ಲೆತ್ತಿದ ಮುದುಕ. ಅಲ್ಲೇ ನಿಂತು ಫೋನಿಗೆ ಇಳಿಸಿ ಮುಖ್ಯಸ್ಥೆಗೆ ಕಳಿಸಿದ. ಮುದುಕ ಎಡಕ್ಕೆ ಹೋದನಲ್ಲ ಎಂಬುದು ಮನಸ್ಸಿಗೆ ಬಾರದೆ ಇರಲಿಲ್ಲ. ಬಂತು, ಬಟ್ಟೆ ಒಗೆಯುವ ಕಡೆಗೇ ಅವನಿಗೆ ಕೆಲಸವಿರಬಹುದು ಎಂಬ ಮಾತೂ ಅದರ ಹಿಂದೆಯೇ ಬಂತು. ಮುಖ್ಯಸ್ಥೆಯ ಉತ್ತರವೂ ಬಂತು: ‘ಅದ್ಭುತ! ಆ ಮುಖದಲ್ಲಿ ಎಷ್ಟು ನಂಬಿಕೆ! ಇದೇ ನಮ್ಮ ಮುಖಪುಟ. ಪದನಾಮ?’

“ಯಾರ್ರೀ ಇದನ್ನ ಕಿತ್ತಿದ್ದು?”

ಹಿಂದೆ ಆಸ್ಪತ್ರೆಯ ಆಯಾ ಒಬ್ಬಳು ನಿಂತಿದ್ದಳು. ಕಸದ ಡಬ್ಬದಿಂದ ರಟ್ಟನ್ನು ತೆಗೆದು ಸೆರಗಿನಿಂದ ಒರೆಸುತ್ತಿದ್ದಳು. ಅವನು ಎದ್ದು ಮಂಡಿ ಕೊಡವಿಕೊಂಡ.

“ನಾನೇ. ನಾನು ಡಿಸೈನ್ ಕಡೆಯಿಂದ ಬಂದಿದೀನಿ.”

“ಅಂದ್ರೆ? ಕರೆಂಟಿನೋರಾ?”

“ಅಲ್ಲಮ್ಮ. ಈ ಬೋರ್ಡುಗಳಿವೆಯಲ್ಲ, ಇವು ಜನಕ್ಕೆ ಹೇಗೆ ಅನುಭವಕ್ಕೆ ಬರಬೇಕು ಅಂತ...”

“ಪೇಂಟಿನೋರಾ?”

ಓಣಿಯ ಬೆಂಚಿನಲ್ಲಿ ಕೂತಿದ್ದ ಇಬ್ಬರು ಹೆಂಗಸರು ಕಿಸಕ್ಕೆಂದರು. ಅದೊಂದು ನಗೆ ಸಾಕಾಯಿತು. “ನಾನು ಪ್ರಿನ್ಸಿಪಲ್ ಎಕ್ಸ್‌ಪೀರಿಯನ್ಸ್ ಆರ್ಕಿಟೆಕ್ಟ್,” ಎಂದು ಅವನ ಬಾಯಿ ಹೇಳಿತು. “ನಿಮ್ಮ ಹೆಸರೇನು? ಗೋಡೆ ಮೇಲೆ ಹೀಗೆಲ್ಲ ಅಂಟಿಸೋಕೆ ನಿಮಗೆ ಪರ್ಮಿಷನ್ ಕೊಟ್ಟೋರು ಯಾರು?” ಬೆಳಿಗ್ಗೆ ತಾನು ಉಗಿದಿದ್ದ ಹಳದಿ ಚೀಟಿಯನ್ನು ತನ್ನ ನಾಲಿಗೆಯೇ ಎತ್ತಿಕೊಂಡು ಬಂದದ್ದು ಕಂಡು ಅವನಿಗೆ ಅಸಹ್ಯವಾಯಿತು, ಅಸಹ್ಯದ ಜೊತೆಗೆ ಒಂದು ಹಿತವೂ ಆಯಿತು, ಏಕೆಂದರೆ ಆಯಾಳ ಮುಖ ಬಣ್ಣಗೆಟ್ಟಿತ್ತು. ಅವಳ ಕೈ ಕೊರಳಿನ ಗುರುತಿನ ಚೀಟಿಯ ಮೇಲೆ ಹೋಗಿ ಹೆಸರನ್ನು ಮುಚ್ಚಿತು. ಬೆರಳುಗಳ ಕೆಳಗೆ ‘ಹೌಸ್‌ಕೀಪಿಂಗ್ ಅಸೋಸಿಯೇಟ್’ ಎಂಬುದಷ್ಟೇ ಕಾಣುತ್ತಿತ್ತು.

“ಕಸ ಗುಡಿಸೋಳು ಸರ್ ನಾನು,” ಎಂದಳು. ದನಿ ಇಳಿದಿತ್ತು. “ದಿನಕ್ಕೆ ಐವತ್ತು ಸಲ ದಾರಿ ಕೇಳ್ತಾರೆ. ಹೇಳಿ ಹೇಳಿ ಗಂಟಲು ಬಿದ್ದುಹೋಯ್ತು. ಅದಕ್ಕೇ ಬರೆದೆ. ತಪ್ಪಾಗಿದ್ರೆ...”

ಬಲಗಡೆಯ ಬಾಗಿಲು ತೆರೆದು ಒಬ್ಬ ನರ್ಸು ಇಣುಕಿದಳು. “ಸೊಂಟದ ಮೂಳೆ ಅಮ್ಮನ ಯಜಮಾನ್ರು ಬಂದ್ರಾ? ಕೆಳಗೆ ಸಹಿ ಹಾಕಿ ಈಗ ಬರ್ತೀನಿ ಅಂತ ವಾರ್ಡಿಂದ ಹೋದೋರು ಇನ್ನೂ ಇಲ್ಲ. ಅವರು ಬರದೆ ಒಳಗೆ ಹೋಗಲ್ಲ ಅಂತ ಆಯಮ್ಮ ಅಳ್ತಿದಾರೆ. ಒಳಗೆ ಡಾಕ್ಟರು ಕಿರುಚ್ತಿದಾರೆ.”

“ಬಿಳಿ ಶರ್ಟು, ಕಂದು ಚೀಲ?” ಎಂದಳು ಆಯಾ. “ಆಗಲೇ ಮೆಟ್ಟಿಲು ಹತ್ತಿದ್ದು ನೋಡಿದ್ನಲ್ಲ!”

ಮುದುಕ ಎಲ್ಲಿಗೆ ಹೋದನೆಂದು ಅವನಿಗೆ ಗೊತ್ತಿತ್ತು. ಹೇಳಬಹುದಿತ್ತು. ಹೇಳಲು ಎರಡು ಪದ ಸಾಕಿತ್ತು. ಆದರೆ ಆ ಎರಡು ಪದ ಹೇಳಿದ ಕೂಡಲೇ, ಈಗಷ್ಟೇ ಈ ಹೆಂಗಸಿನ ಎದುರು ಎಷ್ಟು ಎತ್ತರಕ್ಕೆ ನಿಂತಿದ್ದನೋ ಅಲ್ಲಿಂದ ಇಳಿಯಬೇಕಾಗಿತ್ತು. ನರ್ಸು ಓಣಿಯ ಆ ತುದಿ ನೋಡಿದಳು, ಈ ತುದಿ ನೋಡಿದಳು, ಗಡಿಯಾರ ನೋಡಿದಳು, ಒಳಗೆ ಹೋದಳು. ಬಾಗಿಲು ತನ್ನಷ್ಟಕ್ಕೆ ಮುಚ್ಚಿಕೊಳ್ಳುವವರೆಗೂ ಅವನು ಅದನ್ನೇ ನೋಡುತ್ತಿದ್ದು, ಆಮೇಲೆ, “ಎಡಕ್ಕೆ ಹೋದ್ರು,” ಎಂದ.

ಆಯಾ ಅವನನ್ನು ನೋಡಿದಳು. ಕೈಯಲ್ಲಿದ್ದ ರಟ್ಟನ್ನು ನೋಡಿದಳು. ಸೆರಗು ಸಿಕ್ಕಿಸಿಕೊಂಡು ಎಡಕ್ಕೆ ಓಡಿದಳು. ಅವನೂ ಹಿಂದೆ ಓಡಿದ. ಕ್ಯಾಮೆರಾ ಎದೆಗೆ ಬಡಿಯುತ್ತಿತ್ತು. ಎಡಗಡೆಯ ಓಣಿಯ ತುದಿಯಲ್ಲಿದ್ದ ಬಾಗಿಲು ಓಣಿಯ ಕಡೆಯಿಂದ ತೆರೆಯುತ್ತಿತ್ತು, ಆಚೆ ಕಡೆಯಿಂದ ತೆರೆಯುತ್ತಿರಲಿಲ್ಲ. ಅದರಾಚೆ ಇಳಿಜಾರು, ಇಳಿಜಾರಿನ ಕೆಳಗೆ ಹಬೆ, ಹಬೆಯ ನಡುವೆ ತಿರುಗುವ ದೊಡ್ಡ ಡ್ರಮ್ಮುಗಳು, ಆಳೆತ್ತರದ ಹೊಲಸು ಬಟ್ಟೆಯ ರಾಶಿಗಳು. ಈ ಜಾಗ ಅವನ ನಕಾಶೆಯಲ್ಲಿ ಒಂದು ಬೂದು ಚೌಕವಾಗಿತ್ತು. ಮುದುಕ ಅಲ್ಲಿಂದಲೂ ಮುಂದೆ ಹೋಗಿ, ಬಟ್ಟೆ ತುಂಬುವ ಗಾಡಿಗಳು ನಿಲ್ಲುವ ಹಿತ್ತಿಲಿನಲ್ಲಿ, ಬೀಗ ಹಾಕಿದ ಗೇಟಿನ ಸರಳು ಹಿಡಿದುಕೊಂಡು ನಿಂತಿದ್ದ. ಇವರನ್ನು ಕಂಡವನೇ, “ಆಪರೇಷನ್ನು ಇಲ್ಲಲ್ವಾ? ಅವರು ಕೈ ತೋರಿಸಿದ್ರಲ್ಲ,” ಎಂದ. ದೂರುವ ದನಿಯಲ್ಲ; ಕೈ ತೋರಿಸಿದವರನ್ನು ತಾನು ಸರಿಯಾಗಿ ಅರ್ಥಮಾಡಿಕೊಳ್ಳಲಿಲ್ಲವೇನೋ ಎಂಬ ದನಿ.

ಆಯಾ ಗೇಟು ತೆಗೆಸಿ, ಅವರು ಸುತ್ತುಬಳಸಿ ಮೇಲೆ ಬರುವ ಹೊತ್ತಿಗೆ ಬಾಗಿಲ ಮೇಲಿನ ಕೆಂಪು ದೀಪ ಹೊತ್ತಿತ್ತು. ನರ್ಸು ಹೊರಗೆ ಬಂದು, “ಇನ್ನು ಕಾಯೋಕಾಗಲಿಲ್ಲ ಯಜಮಾನ್ರೇ,” ಎಂದಳು. ಅತ್ತಳಾ ಎಂದು ಮುದುಕ ಕೇಳಿದ. “ಸ್ವಲ್ಪ,” ಎಂದಳು ನರ್ಸು. ಮುದುಕ ಬೆಂಚಿನ ಮೇಲೆ ಕೂತ. ಅವನ ಬಿಳಿ ಅಂಗಿಯ ಬೆನ್ನು ಹಬೆಗೆ ಒದ್ದೆಯಾಗಿ ಅಂಟಿಕೊಂಡಿತ್ತು. ಇವನು ತನ್ನ ಕ್ಯಾಮೆರಾ ಚೀಲವನ್ನು ಕೈಗೆತ್ತಿಕೊಂಡು ಮೆಟ್ಟಿಲ ಕಡೆ ಎರಡು ಹೆಜ್ಜೆ ಇಟ್ಟದ್ದನ್ನು ಆಯಾ ನೋಡಿದಳು. ಹತ್ತಿರ ಬಂದು, ಮೆಲ್ಲಗೆ, “ಎಲ್ಲಿಗೆ? ಅವರ ಜೊತೆ ಯಾರೂ ಇಲ್ಲ. ಇಲ್ಲೇ ಕೂತ್ಕೊಳ್ಳಿ,” ಎಂದಳು. ಈಗ ಅವಳ ಮಾತಿನಲ್ಲಿ ‘ಸರ್’ ಇರಲಿಲ್ಲ. ಅವನು ಕೂತ.

ಒಂದೂವರೆ ಗಂಟೆ ಕಾದರು. ಆ ಹೊತ್ತಿನಲ್ಲಿ ಆಯಾ ರಟ್ಟನ್ನು ಮತ್ತೆ ಕಮಾನಿನ ಹೊಟ್ಟೆಗೆ ಅಂಟಿಸಿದಳು, ಅಂಗೈಯಿಂದ ನಾಲ್ಕೂ ಕಡೆ ಒತ್ತಿದಳು. ಅವನು ಮುಖ್ಯಸ್ಥೆಗೆ ‘ಆ ಫೋಟೋ ಬಳಸಬೇಡಿ’ ಎಂದು ಬರೆದ. ‘ಯಾಕೆ? ಎಲ್ಲರಿಗೂ ಇಷ್ಟವಾಯ್ತು, ಕಳಿಸಿಯೂ ಆಯ್ತು’ ಎಂದು ಉತ್ತರ ಬಂತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು: ‘ನಿಮ್ಮ ಪದನಾಮ ನಾನೇ ಹಾಕಿದೀನಿ, ಚೆನ್ನಾಗಿದೆ ನೋಡಿ.’ ಅವನು ನೋಡಲಿಲ್ಲ. ಲೇಔಟ್ ಹುಡುಗಿಗೆ ಏನಾದರೂ ಬರೆಯಬೇಕೆನ್ನಿಸಿತು. ಅವಳ ನಂಬರು ತನ್ನ ಫೋನಿನಲ್ಲಿ ಯಾವ ಹೆಸರಿನಲ್ಲಿದೆ ಎಂದು ಹುಡುಕಿದಾಗ ‘ಲೇಔಟ್’ ಎಂದೇ ಇತ್ತು. ಹದಿನೆಂಟು ವರ್ಷ. ಅವಳ ನಿಜವಾದ ಹೆಸರು ನೆನಪಿಸಿಕೊಳ್ಳಲು ಯತ್ನಿಸಿದ, ಮೊದಲ ಅಕ್ಷರ ನಾಲಿಗೆಯ ತುದಿಗೆ ಬಂದು ಹಿಂದೆ ಹೋಯಿತು. ಹೌದಪ್ಪನನ್ನು, ಮುಖ್ಯಸ್ಥೆಯನ್ನು, ಚೀಟಿಗಳನ್ನು ಹೀಯಾಳಿಸಲು ತಾನು ಖರ್ಚು ಮಾಡಿದ ಬುದ್ಧಿಯಲ್ಲಿ ಕಾಸಿನಷ್ಟನ್ನು ಬೇರೆ ಯಾವುದಕ್ಕಾದರೂ ಬಳಸಿದ್ದೆನೇ ಎಂದು ಯೋಚಿಸಿದ. ಹೀಯಾಳಿಸುವುದರಿಂದ ತಾನು ಅವರಿಗಿಂತ ಬೇರೆ ಎಂದುಕೊಂಡಿದ್ದ. ಕೈ ಬೀಸುವಾಗ ಬೀಸಿದ್ದು ಮಾತ್ರ ಅವರ ಕೈಯೇ.

“ನಾನು ಬಸ್ಸಲ್ಲಿ ಕಂಡಕ್ಟರ್ ಆಗಿದ್ದೆ,” ಎಂದ ಮುದುಕ, ಯಾರೂ ಕೇಳದೆ. “ಮೂವತ್ತೊಂದು ವರ್ಷ. ಪ್ರತಿ ಸ್ಟಾಪು ಬಾಯಲ್ಲೇ ಕೂಗ್ತಿದ್ದೆ. ಬೋರ್ಡಿದೆಯಲ್ಲ ಯಾಕೆ ಅರಚ್ತೀಯ ಅನ್ನೋರು ಡ್ರೈವರು. ಓದೋಕೆ ಬಾರದೋರು ಇರ್ತಾರೆ, ಕಣ್ಣು ಕಾಣದೋರು ಇರ್ತಾರೆ, ನಿದ್ದೆ ಹೋಗಿರೋರು ಇರ್ತಾರೆ. ಅಲ್ವಾ? ಒಬ್ಬರನ್ನೂ ತಪ್ಪು ಜಾಗದಲ್ಲಿ ಇಳಿಸಿದೋನಲ್ಲ ನಾನು.” ಇವನ ಕಡೆ ತಿರುಗಿ, “ನೀವು ಏನು ಮಾಡ್ಕೊಂಡಿದೀರಿ?” ಎಂದ.

ಎರಡು ನಿಮಿಷದ ವಿವರಣೆ ಅಭ್ಯಾಸದಂತೆ ಗಂಟಲವರೆಗೆ ಬಂತು.

“ಈ ಬೋರ್ಡುಗಳನ್ನ ಮಾಡಿದ್ದು ನಾನೇ,” ಎಂದ ಅವನು. “ಅದರ ಮೇಲೆ ಅವರು ಒಂದು ರಟ್ಟು ಅಂಟಿಸಿದ್ರು, ನೋಡಿ, ಅದು. ಅದನ್ನ ಕಿತ್ತೋನೂ ನಾನೇ.”

“ಆಗಲಿ ಬಿಡಿ. ನಿಂತಿದ್ದು ನೋಡಿ ದಾರಿಯಾದ್ರೂ ತೋರಿಸಿದ್ರಲ್ಲ ನೀವು. ನಿಮಗೂ ಗೊತ್ತಿರಲಿಲ್ಲ, ಏನು ಮಾಡೋಕಾಗುತ್ತೆ.”

ಇಲ್ಲಿಗೆ ನಿಲ್ಲಿಸಬಹುದಿತ್ತು. ಮುದುಕನೇ ಕೊಟ್ಟ ಕ್ಷಮೆ, ತೆಗೆದುಕೊಂಡು ಎದ್ದು ಹೋಗಬಹುದಿತ್ತು.

“ಅದು ದಾರಿ ತೋರಿಸಿದ್ದಲ್ಲ,” ಎಂದ ಅವನು. “ಫೋಟೋಗೆ ಅಡ್ಡ ಬಂದ್ರಿ ಅಂತ, ಸರೀರಿ ಅಂತ ಕೈ ಬೀಸಿದೆ.”

ಮುದುಕ ಅವನನ್ನು ನೋಡಿದ. ಬೈಯಲಿಲ್ಲ. ಆಚೆ ಬದಿಯಲ್ಲಿದ್ದ ಕಂದು ಚೀಲವನ್ನು ಎತ್ತಿ ತಮ್ಮಿಬ್ಬರ ನಡುವೆ ಇಟ್ಟ.

ಕೆಂಪು ದೀಪ ಆರಿತು. ನರ್ಸು ಸ್ಟ್ರೆಚರಿನ ತಲೆಗಡೆಯನ್ನು ಎಳೆಯುತ್ತ ಹಿಂದೆ ಹಿಂದೆ ಹೊರಬಂದಳು. “ಚೆನ್ನಾಗಿ ಆಯ್ತು ಯಜಮಾನ್ರೇ. ವಾರ್ಡಿಗೆ ಬಿಡೋಕೆ ಆಳಿಲ್ಲ, ಈ ಕಡೆ ಒಬ್ಬರು ಹಿಡ್ಕೊಳ್ಳಿ. ನೀವು ಬೇಡ, ನೀವೇ ನಡುಗ್ತಿದೀರಿ.” ಅವನನ್ನು ತೋರಿಸಿ, “ಇವರು ನಿಮಗೆ ಏನಾಗಬೇಕು?” ಎಂದು ಮುದುಕನನ್ನು ಕೇಳಿದಳು.

ಮುದುಕ ಚೀಲ ಎತ್ತಿಕೊಂಡ.

“ದಾರಿ ತಪ್ಪಿಸಿದೋರು,” ಎಂದ.

ನರ್ಸಿಗೆ ಅರ್ಥವಾಗಲಿಲ್ಲ, ಅರ್ಥಮಾಡಿಕೊಳ್ಳುವಷ್ಟು ಹೊತ್ತೂ ಅವಳಿಗಿರಲಿಲ್ಲ. “ಯಾರಾದ್ರೂ ಸರಿ, ಬನ್ನಿ. ಇಲ್ಲಿ ಹಿಡ್ಕೊಳ್ಳಿ. ಅಲುಗಿಸಬೇಡಿ,” ಎಂದಳು. ಅವನು ಕ್ಯಾಮೆರಾವನ್ನು ಬೆನ್ನಿಗೆ ಸರಿಸಿ ಕಬ್ಬಿಣದ ಸರಳು ಹಿಡಿದ. ಅದು ತಣ್ಣಗಿತ್ತು. ಒಂದು ಗಾಲಿ ಎಡಕ್ಕೆ ಎಳೆಯುತ್ತಿತ್ತು, ಅದನ್ನು ನೇರ ಇಟ್ಟುಕೊಳ್ಳಲು ಮೊಣಕೈ ಬಿಗಿ ಮಾಡಬೇಕಾಗಿತ್ತು. ಹೊದಿಕೆಯೊಳಗಿನ ಹೆಂಗಸಿನ ಮುಖ ಮಗುವಿನ ಮುಖದಷ್ಟೇ ಇತ್ತು. ಅರ್ಧ ತೆರೆದ ಕಣ್ಣು ಅವನ ಮೇಲೆ ಹಾಯ್ದು, ನಿಲ್ಲದೆ, ಪಕ್ಕದಲ್ಲಿ ನಡೆಯುತ್ತಿದ್ದ ಗಂಡನನ್ನು ಹುಡುಕಿತು.

“ಎಲ್ಲಿ ಹೋಗಿದ್ರಿ?” ಎಂದಳು. ಔಷಧಿಗೆ ನಾಲಿಗೆ ದಪ್ಪವಾಗಿತ್ತು. “ಎಷ್ಟು ಕರೆದೆ.”

“ಇಲ್ಲೇ ಇದ್ನಲ್ಲೇ,” ಎಂದ ಮುದುಕ. “ಬಾಗಿಲ ಹತ್ರಾನೇ ನಿಂತಿದ್ದೆ. ನೀನು ಕರೆದಿದ್ದೆಲ್ಲ ಕೇಳಿಸ್ತು. ಒಳಗೆ ಬಿಡಲಿಲ್ಲ ಅವರು.”

“ಸುಳ್ಳು.”

“ಸುಳ್ಳಲ್ಲ. ಬೇಕಾದ್ರೆ ಇವರನ್ನ ಕೇಳು.”

ಮುದುಕ ತಲೆಯೆತ್ತಲಿಲ್ಲ. ಹೆಂಗಸಿನ ಕಣ್ಣು ಈಗ ಅವನ ಮೇಲೆ ಬಂದು ನಿಂತಿತು, ಅವನು ಯಾರೆಂದು ಕೇಳದೆ ಅವನ ಮಾತಿಗಾಗಿ ಕಾಯಿತು.

“ಹೌದಮ್ಮ,” ಎಂದ ಅವನು. “ಇಲ್ಲೇ ಇದ್ರು.”

ಅವಳು ಕಣ್ಣು ಮುಚ್ಚಿದಳು. ಗಾಲಿ ಮತ್ತೆ ಎಡಕ್ಕೆ ಎಳೆಯಿತು. ಅವನು ಮೊಣಕೈ ಬಿಗಿ ಮಾಡಿ ತಳ್ಳಿದ.